ತಾಳವೃಕ್ಷದ ಅಂತಃಪುರದಲ್ಲಿ

ವಾಷಿಂಗ್ಟೋನಿಯಾ ಎಂಬ ಬೀಸಣಿಗೆತಾಳೆಯ ಕುಲದಲ್ಲಿ ಇರುವವು ಎರಡೇ ಜಾತಿಗಳು. ಅವೆರಡನ್ನು ಬೇರ್ಪಡಿಸುವುದರಲ್ಲಿಯೇ ನನ್ನ ನಿವೃತ್ತಿಜೀವನವು ವ್ಯಯವಾಗುತ್ತಿದೆಯೆಂಬುದು ಗೃಹಿಣಿಯ ದೃಢವಾದ ಅಭಿಪ್ರಾಯ. ಫಿಲಿಫೆರಾ ಸ್ಥೂಲಕಾಂಡದ್ದು, ಬೂದುಹಸಿರಿನ ಎಲೆಯದು. ರೊಬಸ್ಟಾ ಕೃಶವಾಗಿ ಗಗನಕ್ಕೇರುವುದು, ಅದರ ಎಲೆದಂಟಿನ ಬುಡವು ಕೆಂಗಂದು. ಎಳವೆಯಲ್ಲಿ ಎರಡೂ ಎಲೆಯಂಚಿಗೆ ಬಿಳಿಯ ನೂಲುಗಳನ್ನು ಇಳಿಬಿಟ್ಟುಕೊಂಡು ಅಭಿನ್ನವಾಗಿ ತೋರುವುದರಿಂದ ನರ್ಸರಿಯವನಿಗೆ ‘ಪಾಮ್’ ಎಂಬ ಏಕನಾಮವೇ ಸಾಕಾಗುತ್ತದೆ. ಪ್ರೌಢವಾದ ರೊಬಸ್ಟಾ ಆ ನೂಲನ್ನು ಬಹುಮಟ್ಟಿಗೆ ತ್ಯಜಿಸುತ್ತದೆ, ಫಿಲಿಫೆರಾ ತ್ಯಜಿಸದು.

ಬೈಲಹೊಂಗಲದ ಕಲ್ಯಾಣಮಂಟಪವೊಂದರ ಅಂಗಳದಲ್ಲಿ, ಒಣಗರಿಗಳ ಲಂಗವನ್ನು ನೆಲಮುಟ್ಟ ಧರಿಸಿ ನಿಂತ ತಾಳೆಯನ್ನು ಕಂಡು, ಅಕ್ಷತೆಗೆ ಇನ್ನೂ ವೇಳೆಯಿದೆಯೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಕಾಂಡದ ಸುತ್ತಳತೆಯನ್ನು ನಿರ್ಣಯಿಸುವ ಘನೋದ್ದೇಶದಿಂದ ನಾನು ಆ ಲಂಗದೊಳಕ್ಕೆ ಪ್ರವೇಶಿಸಿ, ಎರಡೂ ತೋಳುಗಳಿಂದ ವೃಕ್ಷವನ್ನು ಆಲಂಗಿಸಿದೆನೋ ಇಲ್ಲವೋ, ದಂಟುಗಳ ಕೊಕ್ಕೆಮುಳ್ಳುಗಳು ಕೆಳಗೆ ಧೋತರವನ್ನೂ ಮೇಲೆ ರುಮಾಲನ್ನೂ ಹಿಡಿದುಕೊಂಡವು. ಅದೇ ಮುಹೂರ್ತಕ್ಕೆ ವರನ ಮೆರವಣಿಗೆಯು ಬ್ಯಾಂಡಿನೊಡನೆ ಬಂದು ಅದೇ ಮರದ ಮುಂದೆ ನಿಂತಿತು. ಮಿಸುಕಿದರೆ ಗರಿಗಳು ಪರಪರನೆ ಸದ್ದುಮಾಡುವವು. ಮಿಸುಕದಿದ್ದರೆ ಬೆನ್ನಮೇಲೆ ಹಲ್ಲಿಯೊಂದು ಸಾವಕಾಶವಾಗಿ ಆರೋಹಣ ಮಾಡುವುದು. ಬ್ಯಾಂಡು ನಿಂತ ಕ್ಷಣದಲ್ಲಿ ವೃದ್ಧೆಯೊಬ್ಬಳ ಧ್ವನಿ ಕೇಳಿತು:

“ಯವ್ವಾ, ಗಿಡದ ಬುಡಕ ಕಾಲ ಅದಾವ!”

“ಯಾರಪಾ ಒಳಗ?”

“ನಾನ್ರಿ, ಹೆಣ್ಣಿನ ಕಡಿಯಾಂವ.”

“ಅಲ್ಲೇನ ಮಾಡಾಕತ್ತೀರಿ?”

“ಸುತ್ತಳತಿ ನೋಡಾಕತ್ತೇನ್ರಿ.”

“ಯಾರದು?”

ಉತ್ತರ ಕೊಡುವ ಮೊದಲೇ ನಾಲ್ಕಾರು ಮಂದಿ ನನ್ನನ್ನು ಹೊರಗೆಳೆದರು. ರುಮಾಲು ಒಳಗೇ ಉಳಿಯಿತು. ಆದರೇನು, ತೋಳುಗಳು ಪರಸ್ಪರ ಮುಟ್ಟಿರಲಿಲ್ಲ, ಗರಿಯಂಚಿನಲ್ಲಿ ನೂಲಿತ್ತು: ಫಿಲಿಫೆರಾ!

ಸವದತ್ತಿಗೆ ಹೋಗಲಿ, ರಾಮದುರ್ಗಕ್ಕೆ ಹೋಗಲಿ, ಇಂಥ ಸುಖವು ದುರ್ಲಭ. ಉದ್ಯಾನದ ಗುತ್ತಿಗೆದಾರನು ಹಸಿಯ ಎಲೆಗಳನ್ನೂ ಬಿಡದೆ ಸವರಿ, ಬೋಳುಕಾಂಡಕ್ಕೆ ಸುಣ್ಣ-ಕೆಮ್ಮಣ್ಣು ಬಳಿದು ಗುರುತನ್ನೇ ಅಳಿಸಿರುತ್ತಾನೆ. ತಾಳೆಗೆ ನೆತ್ತಿಯ ಮೊಗ್ಗೊಂದೇ ಪ್ರಾಣ, ಕಾಂಡದ ಗಾಯವು ಎಂದಿಗೂ ಮಾಯದು ಎಂದರೆ ನಗುತ್ತಾನೆ. ಮರುಭೂಮಿಯ ಮರವನ್ನು ನೀರು ನಿಲ್ಲುವ ಎರೆನೆಲದ ಕುಳಿಯಲ್ಲಿ ನೆಟ್ಟು, ಅದು ಕೊಳೆತರೆ ಮರವನ್ನೇ ಬಯ್ಯುತ್ತಾನೆ.

ಒಮ್ಮೊಮ್ಮೆ ನನ್ನ ಈ ಪರದೇಶೀ ವ್ಯಾಮೋಹಕ್ಕೆ ನಾನೇ ಖಿನ್ನನಾಗುವುದುಂಟು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವೆಂದು ಅಚ್ಚುಹಾಕಿಸಿದ ವಚನಗಳು ಅಲ್ಲಿಯವರೆಗೆ ಜೀವ ಹಿಡಿದುಕೊಂಡಿದ್ದುದು ತಾಳೆಯ ಗರಿಗಳ ಮೇಲೆ, ಆ ದೇಶೀ ತಾಳೆಯನ್ನು ತನ್ನ ಅಂಗಳದಲ್ಲಿ ನೆಟ್ಟ ಮಂಟಪದವನನ್ನು ನಾನಂತೂ ಕಾಣೆ.

ಕಿತ್ತೂರಿನ ದಾರಿಯಲ್ಲಿರುವ ನಮ್ಮ ಹೊಲದ ಬದುವಿಗೆ ಅದರ ಬೀಜವನ್ನು ಬಿತ್ತಿದ್ದೇನೆ. ಮೊದಲು ಅದು ಭೂಗರ್ಭಕ್ಕಿಳಿದು, ಆಮೇಲೆ ಒಂದೆಲೆಯಾಗಿ ಮೇಲೆದ್ದು, ಗಂಡೋ ಹೆಣ್ಣೋ ಎಂಬುದನ್ನು ಹೂವಿನಲ್ಲಿ ತಿಳಿಸಲು ಹತ್ತಾರು ವರ್ಷ ತೆಗೆದುಕೊಳ್ಳುವುದೆಂದು ಗೃಹಿಣಿಗೆ ವಿವರಿಸಿದಾಗ ಆಕೆ ನುಡಿದಳು: “ಚಲೋ ಆತು ಬಿಡ್ರಿ, ಅಲ್ಲೀತನಕಾರ ಮದುವಿಗೆ ಹೋದಲ್ಲಿ ಧೋತರ ಹರಕೊಳ್ಳೂದು ತಪ್ಪೀತು.”