ನನ್ನನ್ನು ಹಿಂದೆ ಹಾಕಿದ ಕಾದಂಬರಿ

ಮೇಷ್ಟ್ರು ಆ ಪುಸ್ತಕವನ್ನು ನನ್ನ ಕೈಗಿಟ್ಟದ್ದು ಲಾಲ್‌ಬಾಗಿನ ಪಶ್ಚಿಮ ದ್ವಾರದ ಹೊರಗೆ, ಎಳನೀರಿನ ಗಾಡಿಯ ಪಕ್ಕದಲ್ಲಿ. ಪುಸ್ತಕಕ್ಕೆ ಕಂದು ಕಾಗದದ ರಟ್ಟು, ಅದರ ಮೇಲೊಂದು ಪ್ಲಾಸ್ಟಿಕ್ ಕವರು. “ಬೆವರು ಕೈಯಲ್ಲಿ ಮುಟ್ಟಬೇಡಿ ಸಾರ್, ಸ್ನಾನ ಮಾಡಿ ತೆಗೀರಿ” ಅಂದರು. ಸತ್ಯನಾರಾಯಣ ವ್ರತದ ಕಥೆ ಪುಸ್ತಕ ಕೊಡುವಾಗಲೂ ನಮ್ಮ ಪುರೋಹಿತರು ಇಷ್ಟು ಮಡಿ ಹೇಳುವುದಿಲ್ಲ.

ಮೇಷ್ಟ್ರು ನಿವೃತ್ತ ಗಣಿತದ ಮೇಷ್ಟ್ರು, ನಮ್ಮ ಓಟದ ಗುಂಪಿನ ಹಿರಿಯರು. ಗುಂಪಿನಲ್ಲಿ ಯಾರ ಮಂಡಿ ನೋವಿಗೂ, ಯಾರ ಮನೋವ್ಯಥೆಗೂ ಅವರ ಬಳಿ ಒಂದೇ ಮದ್ದು: “ಆ ಪುಸ್ತಕ ಓದಿ.” ಓದಿದವನು ಮೊದಲಿನಂತೆ ಓಡುವುದಿಲ್ಲವಂತೆ. ನಾನು ಓದಿದೆ. ಮೊದಲಿನಂತೆಯೇ ಓಡುತ್ತಿದ್ದೇನೆ.

ಪುಸ್ತಕದ ಹೆಸರು ‘ಒನ್ಸ್ ಎ ರನ್ನರ್’. ಬರೆದವರು ಅಮೆರಿಕದ ಜಾನ್ ಎಲ್. ಪಾರ್ಕರ್. 1978ರಲ್ಲಿ ತಾವೇ ಅಚ್ಚು ಹಾಕಿಸಿ, ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು, ಎಲ್ಲೆಲ್ಲಿ ಓಟದ ಸ್ಪರ್ಧೆಯೋ ಅಲ್ಲಲ್ಲಿ ಹೋಗಿ ಮಾರಿದರು. ಮುಂದೆ ಪ್ರತಿಗಳು ಮುಗಿದುಹೋದವು. ಹಳೆಯ ಪ್ರತಿಗಳನ್ನು ಜನ ನೂರಾರು ಡಾಲರ್ ಕೊಟ್ಟು ಕೊಂಡರು. ಓಟಗಾರರ ನಡುವೆ ಅದು ಕೈಯಿಂದ ಕೈಗೆ ಗುಟ್ಟಾಗಿ ದಾಟುವ ಗ್ರಂಥವಾಯಿತು. ಕೊನೆಗೆ 2009ರಲ್ಲಿ ದೊಡ್ಡ ಪ್ರಕಾಶಕರೊಬ್ಬರು ಮರುಮುದ್ರಣ ಮಾಡಿದರು. ಪುಸ್ತಕದ ಈ ಕಥೆ ಪುಸ್ತಕದೊಳಗಿನ ಕಥೆಗಿಂತ ಚೆನ್ನಾಗಿದೆ ಎನ್ನುವುದು ನನ್ನ ಖಾಸಗಿ ಅಭಿಪ್ರಾಯ. ಮೇಷ್ಟ್ರ ಎದುರಿಗೆ ಹೇಳುವ ಧೈರ್ಯ ಬರಲು ಎರಡು ವಾರ ಬೇಕಾಯಿತು.

ದೂರು ಹೇಳುವ ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನನಗೆ 47. ಏಳು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಕಂಡ ಡಾಕ್ಟರು “ದಿನಾ ನಡೀರಿ” ಅಂದರು. ಪಕ್ಕದ ಮನೆಯವರು ಆಗಲೇ ನಡೆಯುತ್ತಿದ್ದರು. ಅವರ ಜತೆ ನಡೆದರೆ ಅವರ ಸೈಟಿನ ಕೇಸು ಕೇಳಬೇಕಾಗುತ್ತದೆಂದು ನಾನು ಓಡಿದೆ. ಅವತ್ತಿನಿಂದ ಓಡುತ್ತಲೇ ಇದ್ದೇನೆ. 10 ಕಿಲೋಮೀಟರಿಗೆ 1 ಗಂಟೆ 9 ನಿಮಿಷ. ಎಡಗಾಲಿನ ಎರಡು ಉಗುರು ಕಪ್ಪಾಗಿವೆ, ಒಂದು ಬಿದ್ದುಹೋಗಿ ಮತ್ತೆ ಬಂದಿದೆ. ನಾಲ್ಕನೇ ಅಡ್ಡರಸ್ತೆಯ ನಾಯಿಗಳಿಗೆ ನನ್ನ ಹೆಜ್ಜೆಯ ಸಪ್ಪಳ ಗೊತ್ತು. ಏಳನೇ ಕಿಲೋಮೀಟರಿನ ಹೊತ್ತಿಗೆ ಹೊಟ್ಟೆ ಗುಡುಗಿದರೆ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಹಾಕಿರುವುದಿಲ್ಲ ಎನ್ನುವುದು ನನಗೆ ಗೊತ್ತು. ಓಟವೆಂದರೆ ನನ್ನ ಪಾಲಿಗೆ ಇಷ್ಟು. ಇದರಲ್ಲಿ ಒಂದಾದರೂ ಕಾದಂಬರಿಯಲ್ಲಿ ಸಿಕ್ಕೀತೆಂದು ಸ್ನಾನ ಮಾಡಿ, ಕೈ ಒರೆಸಿಕೊಂಡು ಪುಸ್ತಕ ಬಿಚ್ಚಿದೆ.

ನಾಯಕ ಕ್ವೆಂಟನ್ ಕ್ಯಾಸಿಡಿ. ಕಾಲೇಜು ಹುಡುಗ, ಮೈಲಿ ಓಟಗಾರ. ಮೈಲಿ ಅಂದರೆ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಮೇಲೆ 9 ಮೀಟರು ಕೊಸರು. ಅದನ್ನು ನಾಲ್ಕು ನಿಮಿಷದೊಳಗೆ ಓಡಬೇಕೆನ್ನುವುದು ಅವನ ಕನಸು. ಉಡುಪು ಹೀಗಿರಬೇಕು, ನಡತೆ ಹೀಗಿರಬೇಕು ಎಂದು ವಿಶ್ವವಿದ್ಯಾಲಯದವರು ಹೊರಡಿಸಿದ ಕಟ್ಟಳೆಗೆ ಎದುರು ನಿಂತದ್ದಕ್ಕೆ ಅವನನ್ನು ತಂಡದಿಂದ ಹೊರಗೆ ಹಾಕುತ್ತಾರೆ. ಅವನು ಓದು, ಗೆಳೆಯರು, ಹುಡುಗಿ ಎಲ್ಲವನ್ನೂ ಬಿಟ್ಟು ಕಾಡಿನ ನಡುವಿನ ಒಂದು ಮನೆಗೆ ಹೋಗಿ ಓಡುತ್ತಾನೆ. ಬೆಳಿಗ್ಗೆ ಓಡುತ್ತಾನೆ, ಸಂಜೆ ಓಡುತ್ತಾನೆ. ಒಲಿಂಪಿಕ್ ಚಿನ್ನ ಗೆದ್ದ ಡೆಂಟನ್ ಎಂಬ ಗುರು ಆಗಾಗ ದರ್ಶನ ಕೊಡುತ್ತಾನೆ. ನಮ್ಮ ಕಡೆಯ ಕಥೆಯಾಗಿದ್ದರೆ ಇಷ್ಟು ತಪಸ್ಸಿಗೆ ಇಂದ್ರನ ಪೀಠ ಅಲ್ಲಾಡಿ ಯಾರಾದರೂ ಅಪ್ಸರೆ ಇಳಿದು ಬರುತ್ತಿದ್ದಳು. ಇಲ್ಲಿ ಅಪ್ಸರೆಯನ್ನು ಮೊದಲೇ ಕಳಿಸಿಯಾಗಿದೆ. ಆಂಡ್ರಿಯಾ ಎಂಬ ಆ ಹುಡುಗಿಗೆ ಕಾದಂಬರಿಕಾರ ಕೊಟ್ಟ ಕೆಲಸವೇ ಬಿಟ್ಟುಹೋಗಲ್ಪಡುವುದು.

ನನ್ನ ಹೆಂಡತಿ ಮೂವತ್ತು ಪುಟ ಓದಿ, ಕನ್ನಡಕ ತೆಗೆದು ಕೇಳಿದಳು: “ಅಲ್ಲಾ ರೀ, ಎರಡು ಹೊತ್ತೂ ಓಡ್ತಾನಲ್ಲ, ಇವನ ಬಟ್ಟೆ ಯಾರು ಒಗೀತಾರೆ?”

ಉಳಿದ ಪುಟಗಳನ್ನು ನಾನು ಇದೇ ಪ್ರಶ್ನೆ ಇಟ್ಟುಕೊಂಡು ಓದಿದೆ. ಉತ್ತರ ನನಗಂತೂ ಕಾಣಲಿಲ್ಲ.

ಒಂದು ಅಧ್ಯಾಯದ ಬಗ್ಗೆ ಮಾತ್ರ ಸುಳ್ಳು ಹೇಳಬಾರದು. ಕ್ಯಾಸಿಡಿ ಒಂದು ದಿನ ಕಾಲು ಮೈಲಿಯ ಸುತ್ತನ್ನು 60 ಸಲ ಓಡುತ್ತಾನೆ. ಒಟ್ಟು 24 ಕಿಲೋಮೀಟರು, ಅದೂ ಬಿರುಸಿನಲ್ಲಿ. ಅಷ್ಟನ್ನು ನಾನು ವಾರಕ್ಕೆ ಓಡುತ್ತೇನೆ, ಮಳೆ ಬರದಿದ್ದರೆ. ಕೊನೆಗೆ ಅವನ ಮೂತ್ರದಲ್ಲಿ ರಕ್ತ ಹೋಗುತ್ತದೆ. ನಮ್ಮ ಡಾಕ್ಟರಾಗಿದ್ದರೆ ತಕ್ಷಣ ಸ್ಕ್ಯಾನಿಂಗಿಗೆ ಚೀಟಿ ಬರೆಯುತ್ತಿದ್ದರು. ಕಾದಂಬರಿಯಲ್ಲಿ ಅದು ಘಟಿಕೋತ್ಸವ! ಆದರೂ ಆ ಪುಟಗಳನ್ನು ಓದುವಾಗ ನನ್ನ ಕಾಲ ಮೀನಖಂಡ ತಾನಾಗಿಯೇ ಬಿಗಿಯಿತು. ರಾತ್ರಿ ಹನ್ನೊಂದೂವರೆಗೆ ಪುಸ್ತಕ ಮುಚ್ಚಿ, ಐದಕ್ಕೆ ಅಲಾರಂ ಇಟ್ಟೆ.

ಮರುದಿನ ನಮ್ಮ ಬಡಾವಣೆಯ ಮೈದಾನ. ಅರವತ್ತರಲ್ಲಿ ಹತ್ತನೇ ಒಂದು ಭಾಗ, ಆರು ಸುತ್ತು ಎಂದು ಗಣಿತದ ಮೇಷ್ಟ್ರ ಶಿಷ್ಯನಿಗೆ ತಕ್ಕಂತೆ ಲೆಕ್ಕ ಹಾಕಿದೆ. ಎಣಿಕೆ ತಪ್ಪಬಾರದೆಂದು ನಿಕ್ಕರಿನ ಬಲಜೇಬಿನಲ್ಲಿ ಆರು ಹುಣಸೆ ಬೀಜ ಹಾಕಿಕೊಂಡೆ. ಸುತ್ತಿಗೊಂದು ಬೀಜ ಎಡಜೇಬಿಗೆ. ಮೊದಲ ಸುತ್ತು 1 ನಿಮಿಷ 58 ಸೆಕೆಂಡು. ಎರಡನೆಯದು 2 ನಿಮಿಷ 5. ಮೂರನೆಯದರಲ್ಲಿ ನೆಲ ನನ್ನ ಕಡೆಗೆ ಓರೆಯಾಗಿ ಬರತೊಡಗಿತು. ನಾಲ್ಕನೆಯದು ಮುಗಿಸಿ ಕಾಂಪೌಂಡು ಹಿಡಿದು ನಿಂತಿದ್ದೆ. ಆಚೆ ಬದಿಯಿಂದ ಕೋಲಿನಲ್ಲಿ ದಾಸವಾಳ ಬಗ್ಗಿಸುತ್ತಿದ್ದ ಅಜ್ಜಿಯೊಬ್ಬರು, ಹೂವು ಬುಟ್ಟಿಗೆ ಹಾಕುತ್ತಾ, “ಯಾಕಪ್ಪಾ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?” ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. “ಮತ್ಯಾಕೆ?” ಅಂದರು. ಎಡಜೇಬಿಗೆ ಕೈ ಹಾಕಿದರೆ ಬೀಜ ಒಂದೇ ಇತ್ತು, ಜೇಬು ತೂತು. ಲೆಕ್ಕದ ಪ್ರಕಾರ ನಾನು ಓಡಿದ್ದು ಒಂದೇ ಸುತ್ತು.

ಆ ಅಜ್ಜಿಯ ‘ಮತ್ಯಾಕೆ’ ಇದೆಯಲ್ಲ, ಅದು ಈ ಕಾದಂಬರಿಯೊಳಗೆ ಕಾಲಿಟ್ಟಿಲ್ಲ. ಅಲ್ಲಿ ಎಲ್ಲರಿಗೂ ಯಾಕೆಂದು ಗೊತ್ತು: ಗೆಲ್ಲುವುದಕ್ಕೆ.

ಕೊನೆಯ ಪಂದ್ಯದಲ್ಲಿ ಕ್ಯಾಸಿಡಿಯ ಎದುರಾಳಿ ಜಾನ್ ವಾಲ್ಟನ್, ನ್ಯೂಜಿಲೆಂಡಿನವನು. ನಿಜವಾದ ಜಾನ್ ವಾಕರನ ನೆರಳು ಅವನು. ವಾಕರ್ 1975ರಲ್ಲಿ ಮೈಲಿಯನ್ನು 3 ನಿಮಿಷ 49.4 ಸೆಕೆಂಡಿನಲ್ಲಿ ಓಡಿ, 3 ನಿಮಿಷ 50ರ ಗೆರೆಯನ್ನು ಮೊದಲು ದಾಟಿದವನು. ಅಷ್ಟು ಹೊತ್ತಿನಲ್ಲಿ ನಾನು ಲೇಸು ಕಟ್ಟಿ, ಕೈಗಡಿಯಾರಕ್ಕೆ ಉಪಗ್ರಹ ಸಿಗಲೆಂದು ಗೇಟಿನ ಹತ್ತಿರ ಆಕಾಶ ನೋಡುತ್ತಾ ನಿಂತಿರುತ್ತೇನೆ. ಬಹಿಷ್ಕಾರ ಹಾಕಿಸಿಕೊಂಡ ಕ್ಯಾಸಿಡಿ ಈ ಪಂದ್ಯಕ್ಕೆ ಫಿನ್ಲೆಂಡಿನವನ ವೇಷದಲ್ಲಿ ನುಗ್ಗುತ್ತಾನೆ. ಕೆನ್ನೆಗೊಂದು ಮಚ್ಚೆ ಅಂಟಿಸಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗದ ನಮ್ಮ ಹಳೆಯ ಸಿನಿಮಾ ನಾಯಕರನ್ನು ಕಂಡವನಿಗೆ ಇದರಲ್ಲಿ ತಕರಾರಿಲ್ಲ, ಖುಷಿಯೇ ಆಯಿತು. ನನ್ನ ತಕರಾರು ಬೇರೆ. ಆ ಪಂದ್ಯದಲ್ಲಿ ಇವರಿಬ್ಬರೇ ಓಡಲಿಲ್ಲವಲ್ಲ? ಕೊನೆಗೆ ಬಂದವನು ಯಾರು? ಅವನ ಉಗುರು ಹೇಗಿದ್ದವು? ಮನೆಗೆ ಹೋಗಿ ಏನು ತಿಂದ? ನಾನು ಓದುತ್ತಾ ಕಾದದ್ದು ಅವನಿಗಾಗಿ. ಯಾಕೆಂದರೆ ಕ್ಯಾಸಿಡಿ ಪುಟ ಪುಟದಲ್ಲೂ ಹಿಂದೆ ಹಾಕುತ್ತಿದ್ದದ್ದು ನಮ್ಮವರನ್ನು.

ಪಾರ್ಕರನನ್ನು ದೂರಿಯೂ ಪ್ರಯೋಜನವಿಲ್ಲ. ಆತ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಮೈಲಿ ಓಡಿದವನು. 1972ರ ಮ್ಯೂನಿಕ್ ಮ್ಯಾರಥಾನಿನಲ್ಲಿ ಚಿನ್ನ ಗೆದ್ದ ಫ್ರಾಂಕ್ ಶಾರ್ಟರ್ ಜತೆ ಅಭ್ಯಾಸ ಮಾಡಿದವನು. ಗೊತ್ತಿದ್ದದ್ದನ್ನು ಬರೆದ. ಮುಂದೆ ಓಡುವವನಿಗೆ ಹಿಂದಿನವರ ಏದುಸಿರು ಕೇಳೀತು, ಮುಖ ಕಾಣುವುದಿಲ್ಲ.

ಅಲನ್ ಸಿಲಿಟೋ 1959ರಲ್ಲಿ ಬರೆದ ಒಂದು ನೀಳ್ಗತೆಯಲ್ಲಿ ಜೈಲುಶಾಲೆಯ ಹುಡುಗನೊಬ್ಬ ಗೆಲ್ಲುವ ಓಟವನ್ನು ಬೇಕಂತಲೇ ಸೋಲುತ್ತಾನೆ. ಅವನು ನನಗೆ ಹತ್ತಿರದ ನೆಂಟ. ನಾನೂ ಸೋಲುತ್ತೇನೆ, ಬೇಕಂತಲ್ಲ ಅಷ್ಟೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿಯರು ಗೇಯುವುದನ್ನು ಓದುವಾಗ ನನ್ನ ಸೊಂಟ ಹಿಡಿದುಕೊಂಡಿತ್ತು. ಅವರಿಗೆ ಯಾವ ಪದಕವೂ ಬರಲಿಲ್ಲ, ಗುರುವೂ ದರ್ಶನ ಕೊಡಲಿಲ್ಲ. ಮಾರನೆಯ ದಿನ ಬೆಳಗಾಗುತ್ತಿತ್ತು, ಮತ್ತೆ ಕೆಲಸ. ಓಟದ ಬಗ್ಗೆ ನನಗೆ ಬೇಕಾದ ಕಾದಂಬರಿ ಅಂಥದ್ದು. ಅಂಥದ್ದು ಯಾರೂ ಬರೆದಂತಿಲ್ಲ. ಬರೆಯಬೇಕಾದವರು ಬಹುಶಃ ಇನ್ನೂ ಗುರಿ ತಲುಪಿಲ್ಲ.

ಎರಡು ವಾರದ ಮೇಲೆ, ಅದೇ ಎಳನೀರಿನ ಗಾಡಿಯ ಪಕ್ಕದಲ್ಲಿ, ಧೈರ್ಯ ಮಾಡಿ ಹೇಳಿದೆ: “ಮೇಷ್ಟ್ರೇ, ನನಗೆ ಅಷ್ಟೇನೂ ಹಿಡಿಸಲಿಲ್ಲ.”

ಮೇಷ್ಟ್ರು ಗಂಜಿ ಕೆರೆಯುವುದನ್ನು ನಿಲ್ಲಿಸಿದರು. “ಆ ಅರವತ್ತು ಸುತ್ತಿನ ಅಧ್ಯಾಯ ಓದಿದ್ರಾ ಸಾರ್?”

“ಅದು ಚೆನ್ನಾಗಿದೆ. ಮಿಕ್ಕದ್ದು?”

ಮೇಷ್ಟ್ರು ಚಿಪ್ಪಿನೊಳಗೆ ನೋಡಿದರು. ಗಾಡಿಯವನ ಕತ್ತಿ ನೋಡಿದರು. “ಮಿಕ್ಕದ್ದು ನಾನೂ ಒಂದ್ಸಲ ಕೂತು ಓದ್ಬೇಕು ಸಾರ್” ಅಂದರು. ತಂಗಿಯ ಮಗ ಅಮೆರಿಕದಿಂದ ತರುವಾಗಲೇ ಆ ಅಧ್ಯಾಯಕ್ಕೆ ಗುರುತು ಚೀಟಿ ಸಿಕ್ಕಿಸಿ ತಂದಿದ್ದನಂತೆ. ವಾಪಸು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. “ಬೇರೆ ಯಾರಿಗಾದ್ರೂ ದಾಟಿಸಿ” ಅಂದರು.

ಪುಸ್ತಕ ಈಗ ನಮ್ಮ ಮನೆಯಲ್ಲಿ ಷೂ ಸ್ಟ್ಯಾಂಡಿನ ಮೇಲಿದೆ. ಬೇಕಾದವರು ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಬನ್ನಿ. ನನ್ನನ್ನು ಹುಡುಕುವುದು ಕಷ್ಟವಲ್ಲ. ಗುಂಪೆಲ್ಲ ದಾಟಿಹೋಗುವವರೆಗೆ ನಿಂತಿರಿ, ಆಮೇಲೆ ಒಬ್ಬ ಬರುತ್ತಾನೆ.