ಮೇಲ್ಮಹಡಿ ಮೀಮಾಂಸೆ

ನಾರ್ಮಂಡಿಯ ಡ್ಯೂಕ್ ಎರಡನೆಯ ರಾಬರ್ಟ್ ಕೆಟ್ಟದ್ದು ಸೋಮಾರಿತನದಿಂದ ಎಂದು ಒಂದು ಪಕ್ಷ, ದುಂದುಗಾರಿಕೆಯಿಂದ ಎಂದು ಇನ್ನೊಂದು. ಗಿಡ್ಡ ಕಾಲೇ ಕಾರಣವೆಂಬ ಮೂರನೆಯ ಪಕ್ಷಕ್ಕೆ ಅವನ ಅಪ್ಪ, ಇಂಗ್ಲೆಂಡ್ ಗೆದ್ದ ವಿಲಿಯಂನೇ ಆದ್ಯ ಆಚಾರ್ಯ. ಹೆತ್ತ ಮಗನಿಗೆ ಕಾಲಿನ ಮೇಲೆ ಅಡ್ಡಹೆಸರು ಕಟ್ಟಿದ ಪುಣ್ಯಾತ್ಮ. ಈ ಮೂರೂ ಪೂರ್ವಪಕ್ಷಗಳನ್ನು ಖಂಡಿಸಿ, ಕಾರಣ ಮಹಡಿಯೇ ಎಂದು ಇಲ್ಲಿ ಸ್ಥಾಪಿಸಲಾಗುವುದು.

ಪ್ರಮಾಣ: 1077ರ ಸುಮಾರಿಗೆ ಲೆಗ್ಲ್ ಪಟ್ಟಣದ ಒಂದು ಮನೆ. ಕೆಳಗೆ ರಾಬರ್ಟ್ ಮತ್ತು ಅವನ ಗೆಳೆಯರು. ಮೇಲೆ ತಮ್ಮಂದಿರಾದ ವಿಲಿಯಂ ರೂಫಸ್ ಮತ್ತು ಹೆನ್ರಿ ದಾಳ ಉರುಳಿಸುತ್ತಿದ್ದವರು, ಗದ್ದಲ ಸಾಲದೆಂದು ಅಣ್ಣನ ನೆತ್ತಿಯ ಮೇಲೆ ನೀರು ಸುರಿದರು. (ಬರೀ ನೀರೇ ಎಂದು ಕೇಳುವ ವಿದ್ವಾಂಸರೂ ಇದ್ದಾರೆ, ಅವರಿಂದ ದೂರವಿರುವುದು ಕ್ಷೇಮ.) ರಾಬರ್ಟ್ ಮೆಟ್ಟಿಲು ಹತ್ತಿ ನುಗ್ಗಿದ, ಅಪ್ಪ ಬಂದು ಬಿಡಿಸಿದ. ಮರುರಾತ್ರಿಯೇ ಬಂಡಾಯ. ಇದನ್ನು ಬರೆದಿಟ್ಟ ಸನ್ಯಾಸಿ ಆರ್ಡರಿಕ್ ಆಗ ಎರಡು ವರ್ಷದ ಕೂಸು; ಹಾಗಾಗಿ ಅವನ ಸಾಕ್ಷ್ಯದಲ್ಲಿ ಪೂರ್ವಗ್ರಹದ ಸೋಂಕಿಲ್ಲ.

ಈಗ ಫಲ ನೋಡಿ. ಮೇಲಿದ್ದ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಇಂಗ್ಲೆಂಡಿನ ರಾಜರಾದರು. ಕೆಳಗೆ ನೆನೆದ ಹಿರಿಯ ಮಗ ಆಗಲಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕಿಂತ ಶುದ್ಧ ವ್ಯಾಪ್ತಿ ಎಲ್ಲಿದೆ?

ಆಕ್ಷೇಪ: 1079ರಲ್ಲಿ ಜೆರ್ಬೆರ್ವಾ ಕೋಟೆಯ ಬಳಿ ರಾಬರ್ಟ್ ಅಪ್ಪನನ್ನೇ ಕುದುರೆಯಿಂದ ಕೆಡವಿದನಲ್ಲ? ಸಮಾಧಾನ: ದನಿಯಿಂದ ಗುರುತು ಸಿಕ್ಕ ಕೂಡಲೇ ತನ್ನ ಕುದುರೆಗೇ ಹತ್ತಿಸಿ ಕಳಿಸಿದನೆಂದು ಒಂದು ವೃತ್ತಾಂತವಿದೆ. ಮೇಲಿರುವ ಜಾಯಮಾನವೇ ಅವನದಲ್ಲ. ತಾಯಿ ಮಟಿಲ್ಡಾ ಗಂಡನ ಕಣ್ಣು ತಪ್ಪಿಸಿ ಮಗನಿಗೆ ಬೆಳ್ಳಿಬಂಗಾರ ಕಳಿಸುತ್ತಿದ್ದಳು. ಅದು ಬೇರೆ ಶಾಸ್ತ್ರ.

ಸೋಮಾರಿತನದ ಮಾತು. ಅವನ ಬಟ್ಟೆಗಳನ್ನು ವಿದೂಷಕರೂ ವೇಶ್ಯೆಯರೂ ಹೊತ್ತೊಯ್ಯುತ್ತಿದ್ದರಂತೆ. ಉಡಲಿಲ್ಲದೆ ಮಧ್ಯಾಹ್ನದವರೆಗೆ ಹಾಸಿಗೆಯಲ್ಲಿದ್ದು ಪೂಜೆ ತಪ್ಪಿಸಿಕೊಳ್ಳುತ್ತಿದ್ದನಂತೆ. ಚಲ್ಲಣವಿಲ್ಲದವನು ಏಳದಿರುವುದು ಸೋಮಾರಿತನವಲ್ಲ, ಮರ್ಯಾದೆ.

ದುಂದು? 1096ರಲ್ಲಿ ಜೆರುಸಲೇಮಿನ ದಂಡಯಾತ್ರೆಗೆ ಹೊರಟಾಗ 10,000 ಮಾರ್ಕ್ ಬೆಳ್ಳಿಗೆ ಇಡೀ ನಾರ್ಮಂಡಿಯನ್ನು ಒತ್ತೆಯಿಟ್ಟದ್ದು ನೀರು ಸುರಿದ ಆ ರೂಫಸನ ಬಳಿಯೇ. ಇದು ದುಂದಲ್ಲ, ಭ್ರಾತೃಪ್ರೇಮ. 1100ರಲ್ಲಿ ರೂಫಸ್ ಬೇಟೆಯಲ್ಲಿ ಬಾಣ ತಗುಲಿ ಸತ್ತ ಮೂರನೆಯ ದಿನಕ್ಕೆ ಹೆನ್ರಿಯ ತಲೆಯ ಮೇಲೆ ಕಿರೀಟವಿತ್ತು. 1106ರಲ್ಲಿ ಅದೇ ಹೆನ್ರಿ ಅಣ್ಣನನ್ನು ಯುದ್ಧದಲ್ಲಿ ಸೆರೆಹಿಡಿದು, 1134ರಲ್ಲಿ ಕಾರ್ಡಿಫ್ ಕೋಟೆಯಲ್ಲಿ ಪ್ರಾಣ ಹೋಗುವವರೆಗೂ ಬಿಡಲಿಲ್ಲ.

ಉಳಿದದ್ದು ಗಿಡ್ಡ ಕಾಲು. ಗ್ಲಾಸ್ಟರ್ ಕೆಥೆಡ್ರಲ್‌ನಲ್ಲಿ ಡ್ಯೂಕನ ಮರದ ಪ್ರತಿಮೆ ಮಲಗಿದೆ, ಅಳತೆ ಟೇಪು ಹಿಡಿದು ಹೋಗುವವರು ಹೋಗಲಿ. ಅದನ್ನು ಕೆತ್ತಿದ್ದು ಅವನು ಸತ್ತು ಬಹುಕಾಲದ ಮೇಲೆ. ಸಾಲದ್ದಕ್ಕೆ, ಪ್ರತಿಮೆ ಕಾಲಿನ ಮೇಲೆ ಕಾಲು ಹಾಕಿಕೊಂಡಿದೆ. ನೆಟ್ಟಗೆ ಅಳೆಯಲೂ ಬರುವುದಿಲ್ಲ.