85ರ ಮಗ್ಗಿ

ಗುಬ್ಬಿ ಕಡೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು, ರಿಟೈರಾಗಿ ತುಮಕೂರಿನಲ್ಲಿ ಮನೆ ಕಟ್ಟಿದ ನಮ್ಮ ಮೇಷ್ಟ್ರು ಒಬ್ಬ ಹುಡುಗನನ್ನೂ ಇಪ್ಪತ್ತರ ಮಗ್ಗಿ ದಾಟಿಸಿದವರಲ್ಲ. ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆಂದು ಹೋದದ್ದೇ ತಡ, ಅವರಿಗೇ 85ರ ಮಗ್ಗಿ ಬಾಯಿಪಾಠವಾಯಿತು. ಡಾಲರಿಗೆ 85 ರೂಪಾಯಿ ಎಂದು ವಿಮಾನದಲ್ಲೇ ಗೊತ್ತು ಮಾಡಿಕೊಂಡಿದ್ದರು. ಆಮೇಲೆ ಡಾಲರು ಏರಿದರೂ ಮೇಷ್ಟ್ರು ಏರಲಿಲ್ಲ. "ಕಲಿತ ಮಗ್ಗೀನ ದಿನಾ ಬದಲಾಯಿಸೋಕಾಗುತ್ತೇನಯ್ಯ?"

ಅಂಗಡಿಯಲ್ಲಿ ಮಗ ಗಾಡಿ ತಳ್ಳುತ್ತಾನೆ. ಅಪ್ಪ ಹಿಂದಿನಿಂದ ಗುಣಿಸುತ್ತಾರೆ. ಕೊತ್ತಂಬರಿ ಕಟ್ಟು ಒಂದು ಡಾಲರ್. "ಎಂಬತ್ತೈದು! ಅಂತರಸನಹಳ್ಳಿ ಮಾರ್ಕೆಟ್ಟಲ್ಲಿ ಕೊಸರು ಬೇರೆ ಹಾಕ್ತಾರೆ ಕಣೋ." ಬಿಲ್ಲು ಹಾಕಲು ಮನುಷ್ಯರೇ ಇಲ್ಲ, ಬರೀ ಯಂತ್ರ. ಮಗ ಕಟ್ಟನ್ನು ತೋರಿಸಿದ, ಅದು 'ಕುಂಯ್' ಎಂದಿತು. ಮೇಷ್ಟ್ರು ಸುತ್ತ ನೋಡಿ ತಗ್ಗಿದ ದನಿಯಲ್ಲಿ ಕೇಳಿದರು: "ಕೊಸರು ಯಾರ ಹತ್ರ ಕೇಳೋದು?"

ಕರಿಬೇವಿನ ನಾಲ್ಕು ಎಸಳು ಒಂದೂವರೆ ಡಾಲರ್. ಮೇಷ್ಟ್ರು "ನೂರ ಇಪ್ಪತ್ತೇಳೂವರೆ" ಎಂದು ಎದೆ ಹಿಡಿದುಕೊಂಡಾಗ ಮನೆಯವರಿಗೆ ರೇಗಿತು. "ರೀ, ಮೂವತ್ತೈದು ವರ್ಷದಿಂದ ಕುಣಿಗಲ್ಲಿನ ನಮ್ಮಪ್ಪನ ಮನೆ ಹಿತ್ತಲಿಂದ ಬಿಟ್ಟಿ ಕರಿಬೇವು ಕಿತ್ತು ತಂದಿದೀರಲ್ಲ, ಅದನ್ನೂ ಒಂದ್ಸಲ ಗುಣಿಸಿ."

ಬಾಳೆಹಣ್ಣಿನ ಮುಂದೆ ಮಾತ್ರ ಮೇಷ್ಟ್ರು ಸೋತರು. ಪೌಂಡಿಗೆ 60 ಸೆಂಟು. ಪೌಂಡೆಂದರೆ 454 ಗ್ರಾಂ. ಎಷ್ಟು ಎಳೆದರೂ ಕಿಲೋಗೆ 112 ರೂಪಾಯಿ. ವರಮಹಾಲಕ್ಷ್ಮಿ ಹಬ್ಬದಲ್ಲಿ ಯಾಲಕ್ಕಿ ಬಾಳೆಗೆ ತುಮಕೂರಿನಲ್ಲೇ ಇದಕ್ಕಿಂತ ಹೆಚ್ಚು ತೆತ್ತವರು ಅವರು. ಬೈಯಲು ಏನೂ ಸಿಗದೆ, "ರುಚಿ ಇರಲ್ಲ ಬಿಡು" ಎಂದು ಮುಂದೆ ನಡೆದರು.

ಮಗನ ಸಂಬಳವೂ ಈ ಮಗ್ಗಿಗೆ ಸೇರಿದೆ. ಊರಿಗೆ ಫೋನು ಮಾಡಿದಾಗಲೆಲ್ಲ ಅದು ರೂಪಾಯಿಯಲ್ಲೇ ಹೊರಬೀಳುತ್ತದೆ. ಮನೆ ಬಾಡಿಗೆ ಮಾತ್ರ ಡಾಲರಿನಲ್ಲೇ ಉಳಿಯುತ್ತದೆ.

ಮೊನ್ನೆ ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿ ಕಂಡಿತು. ಒಂದಕ್ಕೆ ಎರಡು ಡಾಲರ್. "ನೂರ ಎಪ್ಪತ್ತು" ಎಂದವರ ಮುಖ ಮೊದಲ ಸಲ ಅರಳಿತು. ಗುಬ್ಬಿ ತೋಟದಲ್ಲಿ ಅರವತ್ತು ಮರ, ಮರಕ್ಕೆ ವರ್ಷಕ್ಕೆ ನೂರು ಕಾಯಿ. ಬೇಳೆ ಸಾಲಿನಲ್ಲಿ ನಿಂತೇ ಹತ್ತು ಲಕ್ಷದ ಇಪ್ಪತ್ತು ಸಾವಿರ ಎಣಿಸಿದರು. ಊರಿನಲ್ಲಿ ಇನ್ನೂ ಕೋಳಿ ಕೂಗಿರಲಿಲ್ಲ. ಆಗಲೇ ಕಾಯಿ ವ್ಯಾಪಾರಿಗೆ ಫೋನು. ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ದರವೊಂದನ್ನು ಬಿಟ್ಟು ಲೋಕದ ಬೇರಾವ ದರವನ್ನೂ ನಂಬದ ಮನುಷ್ಯ ಅವನು.

"ಇಲ್ಲಿ ಕಾಯಿ ನೂರ ಎಪ್ಪತ್ತು ಕಣಯ್ಯ. ನೀನು ಎಷ್ಟು ಕೊಡ್ತೀಯ?"

ಅವನು ಆಕಳಿಸುತ್ತ ಹೇಳಿದ: "ಹಂಗಾದ್ರೆ ಅಲ್ಲೇ ಮಾರ್ಬುಡಿ ಸಾ."

ಮೇಷ್ಟ್ರು ಆ ಮಾತನ್ನು ತಮಾಷೆ ಎಂದುಕೊಳ್ಳಲಿಲ್ಲ. ವಿಮಾನದಲ್ಲಿ ಒಂದು ಸೂಟ್‌ಕೇಸಿಗೆ 23 ಕಿಲೋ, ಸುಲಿದ ಕಾಯಿ ಸುಮಾರು ಅರ್ಧ ಕಿಲೋ. ಮನೆಯಲ್ಲಿ ಈಗ ಗುಣಾಕಾರ ನಿಂತಿದೆ, ಭಾಗಾಕಾರ ನಡೆಯುತ್ತಿದೆ.